ಒಂಟೆ ಮೇಳದಲ್ಲಿ ಕಂಬಳದ ಮಾವ

ಟಯರು ಒಡೆಯಬಹುದಿತ್ತು. ದಹ್ನಾ ಮರುಭೂಮಿಯ ಮರಳು ಗಾಳಿಗೆ ಎದ್ದು ಮುಂದಿನ ಲಾರಿಯೇ ಕಾಣದೆ ಹೋಗಬಹುದಿತ್ತು. ಬೇಲಿ ದಾಟಿ ಬಂದ ಒಂಟೆಯೊಂದು ಹೈವೇ ಮಧ್ಯದಲ್ಲಿ ನಿಂತು, ನಾವು ಯಾರ ಮನೆಯವರು ಎಂದು ವಿಚಾರಿಸುವಂತೆ ನೋಡಬಹುದಿತ್ತು. ಮಾವನವರ ಶುಗರ್ ಇಳಿಯಬಹುದಿತ್ತು. ಕಂಡ ಕಂಡ ಡೇರೆಯಲ್ಲಿ ಖರ್ಜೂರ ತಿಂದರೆ ಏರಲೂಬಹುದಿತ್ತು. ಹೋದ ವರ್ಷ ಆಪರೇಷನ್ ಮಾಡಿ ಕೂರಿಸಿದ ಅವರ ಬಲಗಾಲಿನ ಮಂಡಿ ಮರಳಿನಲ್ಲಿ ಹೊರಳಬಹುದಿತ್ತು. ಹೊರಡುವ ಮೊದಲು ನಾನು ಮತ್ತೆ ಮತ್ತೆ ಮುಟ್ಟಿ ನೋಡಿದ್ದ ಪಾಸ್‌ಪೋರ್ಟು ಚೆಕ್‌ಪೋಸ್ಟಿನ ಎದುರು ಮಾಯವಾಗಬಹುದಿತ್ತು. ಒಂಟೆ ಉಗುಳಬಹುದಿತ್ತು, ಕಚ್ಚಬಹುದಿತ್ತು, ಒದೆಯಬಹುದಿತ್ತು, ಇದು ಯಾವುದನ್ನೂ ಮಾಡದೆ ಬರೀ ಉಸಿರು ಬಿಟ್ಟೇ ಜ್ವರ ಅಂಟಿಸಬಹುದಿತ್ತು. ಮಾವ ಯಾರದೋ ಒಂಟೆಯನ್ನು ತೋರಿಸಿ ನಕ್ಕು, ಅದರ ಯಜಮಾನನಿಗೆ ಸಿಟ್ಟು ಬಂದು, ನಾನು ನಡುವೆ ನಿಂತು ಅರಬ್ಬಿಯಲ್ಲಿ ಕ್ಷಮೆ ಕೇಳಿ, ನನ್ನ ಅರಬ್ಬಿ ಕೇಳಿದ ಮೇಲೆ ಆತನಿಗೆ ಇನ್ನಷ್ಟು ಸಿಟ್ಟು ಬರಬಹುದಿತ್ತು.

ನನ್ನ ಹೊಟ್ಟೆಪಾಡೇ ಇದು. ಸೌದಿಯ ರಾಸ್ ತನೂರಾದ ರಿಫೈನರಿಗೆ ಆಳು ಒದಗಿಸುವ ಒಂದು ಗುತ್ತಿಗೆ ಕಂಪನಿಯಲ್ಲಿ ನಾನು ಸೇಫ್ಟಿ ಆಫೀಸರ್. ಇನ್ನೂ ಆಗದೇ ಇರುವ ಅನಾಹುತವನ್ನು ಊಹಿಸಿದ್ದಕ್ಕೆ ತಿಂಗಳು ತಿಂಗಳು ಸಂಬಳ ಬರುತ್ತದೆ. ಐವತ್ತು ದಾಟಿದ ಮೇಲೆ ಈ ಅಭ್ಯಾಸ ಆಫೀಸಿನ ಗೇಟಿನಲ್ಲಿ ನಿಲ್ಲದೆ ನನ್ನ ಜೊತೆ ಮನೆಗೂ ಬರತೊಡಗಿತು. ಹೆಂಡತಿ ಚಹಾಕ್ಕೆ ನೀರಿಟ್ಟರೆ ನಾನು ಹಿಂದಿನಿಂದ ಹೋಗಿ ಗ್ಯಾಸ್ ಪೈಪಿನ ವಾಸನೆ ನೋಡಿ ಬರುತ್ತೇನೆ. ಅವಳು ಖೋಬರ್‌ನ ಒಂದು ಕ್ಲಿನಿಕ್ಕಿನಲ್ಲಿ ನರ್ಸ್. ರೋಗಿಗಳನ್ನು ಸಹಿಸಿಕೊಂಡು ಅಭ್ಯಾಸವಿದೆ.

ಮಾವ ಆ ಚಳಿಗಾಲ ವಿಸಿಟ್ ವೀಸಾದಲ್ಲಿ ನಮ್ಮಲ್ಲಿಗೆ ಬಂದಿದ್ದರು. ಬಂದಿದ್ದರು ಎನ್ನುವುದಕ್ಕಿಂತ ಕರೆಸಲಾಗಿತ್ತು ಎನ್ನಬೇಕು. ಊರಿನಲ್ಲಿ ಅವರಿಗೆ ಕಂಬಳದ ಕೋಣಗಳಿವೆ. ಹಿಂದೆ ಹಲವಿದ್ದವು, ಈಗ ಉಳಿದಿದ್ದು ಕೊನೆಯ ಜೋಡಿ. ನಾನು ಮಂಗಳೂರು ಪೇಟೆಯವನು. ಹುಡುಗಿ ನೋಡಲು ಹೋದ ದಿನ ನನಗೆ ಮೊದಲು ತೋರಿಸಿದ್ದು ಕೋಣಗಳನ್ನು, ಆಮೇಲೆ ಹುಡುಗಿಯನ್ನು. ಹಟ್ಟಿಯ ಬಾಗಿಲಲ್ಲಿ ನಾನು ಒಂದು ಹೆಜ್ಜೆ ಹಿಂದೆ ಸರಿದದ್ದನ್ನು ಮಾವ ಆಗಲೇ ನೋಡಿಟ್ಟುಕೊಂಡಿದ್ದರು. ಹರೆಯದಲ್ಲಿ ಅವರು ತಾವೇ ಕರೆಯಲ್ಲಿ, ಅಂದರೆ ಕೆಸರಿನ ಓಟದ ಗದ್ದೆಯಲ್ಲಿ, ಕೋಣಗಳ ಹಿಂದೆ ಓಡಿದವರು. ನಮ್ಮ ಇಗರ್ಜಿಯ ಪಾದ್ರಿಗಳೂ ಅವರ ಜ್ವರ ವಿಚಾರಿಸುವ ಮೊದಲು ಕೋಣಗಳ ಕ್ಷೇಮ ವಿಚಾರಿಸುತ್ತಿದ್ದರು.

ಈಗ ಮಂಡಿ ಬದಲಾಯಿಸಿದ ಮೇಲೆ ಡಾಕ್ಟರು ಹಟ್ಟಿಯ ಜಾರು ನೆಲ ಬೇಡವೇ ಬೇಡ ಎಂದಿದ್ದರು. ಕಾರ್ಕಳ ಕಡೆಯ ಒಬ್ಬರು ಆ ಜೋಡಿಯನ್ನು ಕೊಳ್ಳಲು ತಯಾರಿದ್ದರು. ಒಳ್ಳೆಯ ಜನ, ಕೋಣ ಸಾಕಿ ಗೊತ್ತಿದ್ದವರು. ಮಂಗಳೂರಿನಲ್ಲಿರುವ ನನ್ನ ಭಾವಮೈದುನ ದಿನಾ ಫೋನು ಮಾಡಿ "ಪಪ್ಪಾ, ಎಂತ ಹೇಳಲಿ ಅವರಿಗೆ?" ಎನ್ನುವುದು, ಮಾವ "ನೋಡುವ" ಎನ್ನುವುದು. ಹೀಗೆ ವಾರಗಟ್ಟಲೆ ನಡೆದಿತ್ತು. ಈ ಸೀಸನ್ನಿನ ಉಳಿದ ಕಂಬಳಗಳಿಗೆ ಕೋಣ ತಯಾರು ಮಾಡಬೇಕಾದ್ದರಿಂದ ಶನಿವಾರದೊಳಗೆ ಉತ್ತರ ಬೇಕೆಂದು ಕಾರ್ಕಳದವರು ಕಡೆಯ ಮಾತು ಹೇಳಿದ್ದರು.

ನಾವು ಒಂಟೆ ಮೇಳಕ್ಕೆ ಹೊರಟದ್ದು ಶುಕ್ರವಾರ.

"ಹೋಗುವಾಗ ಹೇಳಿ, ಇಲ್ಲ ಬರುವಾಗ ಹೇಳಿ. ಒಟ್ಟಿನಲ್ಲಿ ಪಪ್ಪನ ಬಾಯಿಯಿಂದ ಹೂಂ ಅನ್ನಿಸಿಕೊಂಡು ಬನ್ನಿ," ಎಂದಳು ಹೆಂಡತಿ. ಅವಳಿಗೆ ಡ್ಯೂಟಿ ಇತ್ತು. "ಕೋಣ ಬೇಕಾದರೆ ಇನ್ನೊಂದು ಸಿಗ್ತದೆ. ಆ ಮಂಡಿ ಇನ್ನೊಂದು ಸಿಗುವುದಿಲ್ಲ."

ಇಂಥ ಮಾತು ಹೇಳಲು ನನ್ನನ್ನು ಆರಿಸಿದ್ದೇ ಮನೆಯವರ ದೊಡ್ಡ ತಪ್ಪು. ಹೆಲ್ಮೆಟ್ ಹಾಕು ಎಂದು ಒಬ್ಬ ವೆಲ್ಡರಿಗೆ ಹೇಳುವುದಕ್ಕೂ ನಾನು ಮೊದಲು ಅವನ ಮಕ್ಕಳ ಕ್ಷೇಮ ವಿಚಾರಿಸುವವನು.

ನಮ್ಮ ಮನೆಮಾತು ಕೊಂಕಣಿ. ಕೋಣಗಳ ವಿಷಯ ಬಂದರೆ ಮಾವ ತಮಗೇ ತಿಳಿಯದ ಹಾಗೆ ತುಳುವಿಗೆ ಹೊರಳುತ್ತಾರೆ. ಇಲ್ಲಿ ಎಲ್ಲವನ್ನೂ ಕನ್ನಡಕ್ಕೆ ತಂದುಕೊಂಡಿದ್ದೇನೆ, ಮಗನೇ ಎನ್ನುವ ಅವರ ‘ಪುತಾ’ ಒಂದನ್ನು ಬಿಟ್ಟು. ಕಾರು ಹತ್ತಿದ ಅವರು ಶಿಲುಬೆಯ ಗುರುತು ಹಾಕಿಕೊಂಡು ಬೆಲ್ಟು ಬಿಗಿದರು. ರಿಯಾದ್ ರಸ್ತೆಗೆ ಬಿದ್ದ ಮೇಲೆ ನಾನು ಗಂಟಲು ಸರಿಮಾಡಿಕೊಂಡೆ.

"ಮಾಮ, ಈ ಜಾರುವ ನೆಲ ಇದೆಯಲ್ಲ, ನಮ್ಮ ಸೈಟಿನಲ್ಲಿ ಹೆಚ್ಚಿನ ಆಕ್ಸಿಡೆಂಟ್ ಆಗುವುದೇ ಅದರಿಂದ."

"ಹೌದಾ?" ಎಂದರು ಮಾವ, ಕಿಟಕಿಯ ಹೊರಗೆ ನೋಡುತ್ತಾ. "ಅಲ್ಲಿ ಯಾರೂ ಹುಲ್ಲು ಹಾಸುವುದಿಲ್ಲವಾ?"

ನಾನು ರೇಡಿಯೋ ಹಾಕಿದೆ.

ಮೇಳಕ್ಕೆ ನಮ್ಮನ್ನು ಕರೆದಿದ್ದು ನನ್ನ ಆಫೀಸಿನ ಒಬ್ಬ ಸೌದಿ ಹುಡುಗ. ಪರ್ಮಿಟ್ ವಿಭಾಗದಲ್ಲಿ ಇಂಜಿನಿಯರು. ವಾರವಿಡೀ ಕಂಪ್ಯೂಟರಿನ ಎದುರು ಕೂರುತ್ತಾನೆ, ವಾರದ ಕೊನೆಗೆ ತಂದೆಯ ಒಂಟೆಗಳ ಬಳಿ ಓಡುತ್ತಾನೆ. ಮಾವನ ಕೋಣಗಳ ವಿಷಯ ಊಟದ ಹೊತ್ತಿನಲ್ಲಿ ನಾನು ಹೇಳಿದ್ದೆ. ಅವನು ತಂದೆಗೆ ಹೇಳಿದ್ದ. ತಂದೆ, ಆ ಮುದುಕನನ್ನು ಕರೆದುಕೊಂಡು ಬಾ ಎಂದು ಅಪ್ಪಣೆ ಮಾಡಿದ್ದರು.

ರಿಯಾದ್ ಮುಟ್ಟುವ ಮೊದಲೇ ಹೈವೇ ಬಿಟ್ಟು ಒಳರಸ್ತೆ ಹಿಡಿದರೆ ಮರಳುದಿಣ್ಣೆಗಳ ನಡುವೆ ಒಂದು ಊರೇ ಎದ್ದು ನಿಂತಿತ್ತು. ವರ್ಷಕ್ಕೊಮ್ಮೆ ಏಳುವ ಊರು. ಕಣ್ಣು ಹಾಯುವ ತನಕ ಡೇರೆಗಳು, ಪಿಕಪ್‌ಗಳು, ನೀರಿನ ಟ್ಯಾಂಕರುಗಳು. ಬಣ್ಣ ಬಣ್ಣದ ಜೀನು ಮಾರುವವರು, ತುಪ್ಪ ಮಾರುವವರು, ಒಂಟೆಹಾಲಿನ ಐಸ್‌ಕ್ರೀಮು ಮಾರುವವರು. ಒಂದು ಕಡೆ ಗಿಡುಗ ಹಿಡಿದುಕೊಂಡು ಫೋಟೋ ತೆಗೆಸಿಕೊಳ್ಳುವ ಕ್ಯೂ. ಒಂಟೆಗಳನ್ನು ಬಣ್ಣದ ಪ್ರಕಾರ ಬೇರೆ ಬೇರೆ ಹಿಂಡು ಮಾಡಿದ್ದರು: ಹಾಲುಬಿಳಿ, ಜೇನುಬಣ್ಣ, ಮತ್ತೆ ಕುಚ್ಚಲಕ್ಕಿ ಬೇಯಿಸಿದ ಮಡಕೆಯ ತಳದಷ್ಟು ಕಪ್ಪು. ಒಂಟೆ ಎಂದರೆ ಒಂದೇ ಬಣ್ಣ ಎಂದುಕೊಂಡಿದ್ದ ನನಗೆ ನಾಚಿಕೆಯಾಯಿತು. ಈ ದೇಶದ ಅನ್ನ ತಿಂದು ಇಷ್ಟು ಕಾಲವಾಯಿತು, ಒಂಟೆಯನ್ನು ನಾನು ನೋಡಿದ್ದು ಹೆಚ್ಚಾಗಿ ರಸ್ತೆಯ ಎಚ್ಚರಿಕೆ ಫಲಕದಲ್ಲಿ.

ಹುಡುಗ ನಮ್ಮನ್ನು ಮೊದಲು ಓಟದ ಕಡೆಗೆ ಕರೆದೊಯ್ದ. ಒಂಟೆಗಳ ಬೆನ್ನ ಮೇಲೆ ಸವಾರರಿರಲಿಲ್ಲ. ಹುಂಜದಷ್ಟು ದೊಡ್ಡ ಒಂದೊಂದು ಯಂತ್ರ ಕೂತಿತ್ತು, ಅದಕ್ಕೊಂದು ರೇಷ್ಮೆ ಅಂಗಿ ಬೇರೆ. ಯಜಮಾನರು ಪಕ್ಕದ ರಸ್ತೆಯಲ್ಲಿ ಕಾರಿನಲ್ಲಿ ಓಡುತ್ತಾ ರಿಮೋಟಿನಿಂದ ಅದರ ಚಾಟಿ ತಿರುಗಿಸುತ್ತಿದ್ದರು.

ಮಾವ ಸ್ವಲ್ಪ ಹೊತ್ತು ನೋಡಿದರು. "ಓಡಿಸುವವನು ಏಸಿಯಲ್ಲಿ ಕೂತಿದ್ದಾನೆ. ಇದೆಂತ ಓಟ ಮಾರಾಯ?"

"ಮೊದಲು ಸಣ್ಣ ಮಕ್ಕಳನ್ನು ಕೂರಿಸುತ್ತಿದ್ದರಂತೆ ಮಾಮ. ಬಿದ್ದು ಸಾಯುತ್ತಿದ್ದವು. ಅದಕ್ಕೆ ನಿಲ್ಲಿಸಿದ್ದು."

"ಹಾಗಾದರೆ ಸರಿ. ಯಂತ್ರವೇ ಬೀಳಲಿ," ಎಂದು ಟೋಪಿ ಸರಿಮಾಡಿಕೊಂಡರು. ಮತ್ತೆ ಸ್ವಲ್ಪ ತಡೆದು, "ಆದರೆ ಮುಖಕ್ಕೆ ಒಂದು ಹನಿ ಕೆಸರು ಹಾರದೆ ಗೆದ್ದೆ ಅಂತ ಹೇಗೆ ಗೊತ್ತಾಗುವುದು?"

ಹುಡುಗನ ತಂದೆ ಡೇರೆಯ ಮುಂದೆ ಕಂಬಳಿ ಹಾಸಿ ಕೂತಿದ್ದರು. ಒಣಗಿದ, ಉದ್ದ ಬೆರಳುಗಳ ಮನುಷ್ಯ. ಎದ್ದು ನಿಂತು ಮಾವನ ಕೈ ಹಿಡಿದುಕೊಂಡವರು ಬಿಡಲೇ ಇಲ್ಲ. ಕೈ ಹಿಡಿದೇ ಕೂರಿಸಿದರು. ಮಾವ ಕೂರುವಾಗ ಮಂಡಿ ಹಿಡಿದು ಮುಖ ಹಿಂಡಿದ್ದನ್ನು ನೋಡಿ, ತಮ್ಮ ಉದ್ದನೆಯ ಅಂಗಿ ಎತ್ತಿ ತಮ್ಮ ಮಂಡಿಯನ್ನೂ ತೋರಿಸಿದರು. ಅಲ್ಲೂ ಉದ್ದಕ್ಕೆ ಒಂದು ಹೊಲಿಗೆಯ ಗೆರೆ. ಅದಾದ ಮೇಲೆ ಅವರಿಬ್ಬರಿಗೆ ಭಾಷೆಯ ದೊಡ್ಡ ಅಗತ್ಯ ಕಾಣಲಿಲ್ಲ. ಉಳಿದದ್ದಕ್ಕೆ ಹುಡುಗ ಅರಬ್ಬಿಯಿಂದ ಇಂಗ್ಲಿಷಿಗೆ, ನಾನು ಇಂಗ್ಲಿಷಿನಿಂದ ಕೊಂಕಣಿಗೆ. ದಾರಿಯಲ್ಲಿ ಎಷ್ಟು ಸೋರಿತೋ ದೇವರೇ ಬಲ್ಲ.

ಮಾವ ಫೋನು ತೆಗೆದು ಕಂಬಳದ ವೀಡಿಯೋ ತೋರಿಸಿದರು. ಆ ಸೌದಿ ಮುದುಕರು ಕಾಫಿ ಬಟ್ಟಲು ಕೆಳಗಿಟ್ಟು ನೋಡಿದರು. ನೀರು ಆಳೆತ್ತರ ಹಾರಿತು, ಕೋಣಗಳು ಬಂದವು, ಹಿಂದೆ ಓಡುವವನು ಜಾರಿ ಬಿದ್ದು ಹೊಟ್ಟೆಯ ಮೇಲೆ ಎಳೆಸಿಕೊಂಡು ಹೋದ. ಮುದುಕರು ತೊಡೆ ತಟ್ಟಿ ನಕ್ಕು, ಅದನ್ನೇ ಇನ್ನೊಮ್ಮೆ ಹಾಕಿಸಿದರು.

"ಇಷ್ಟು ನೀರನ್ನು ಇವರು ಓಡುವುದಕ್ಕೆ ಬಳಸುತ್ತಾರಾ, ಕೇಳು," ಎಂದರು ಮಗನಿಗೆ.

"ಹೌದು ಹೇಳು," ಎಂದರು ಮಾವ. "ಮೊದಲು ಉಳುವುದಕ್ಕೆ. ಈಗ ಉಳುವುದು ಟಿಲ್ಲರು. ಕೋಣಕ್ಕೆ ಓಟ ಮಾತ್ರ ಉಳಿದದ್ದು."

ಅದು ತಲುಪಿದಾಗ ಮುದುಕರು ತಲೆಯಾಡಿಸಿದರು. ಅವರ ಅಪ್ಪನ ಕಾಲದಲ್ಲಿ ಬೇಸಿಗೆಗೆ ಬುಡಕಟ್ಟುಗಳೆಲ್ಲ ಬಾವಿಗಳ ಬಳಿ ಸೇರುತ್ತಿದ್ದವಂತೆ. ನೀರು ಸೇದಲು ಸರದಿ ಕಾಯುವಾಗ ಬೇರೇನು ಕೆಲಸ? ಯಾರ ಒಂಟೆ ಚೆಂದ ಎಂದು ಜಗಳ. ಕತ್ತು ಯಾರದು ಉದ್ದ, ತುಟಿ ಯಾರದು ಜೋತು ಬಿದ್ದಿದೆ, ಡುಬ್ಬ ಎಷ್ಟು ಹಿಂದಕ್ಕಿದೆ. ಪದ್ಯ ಕಟ್ಟಿ ಬೈಯುವುದೂ ಇತ್ತು. ಆಮೇಲೆ ಲಾರಿ ಬಂತು, ಪೈಪಿನಲ್ಲಿ ನೀರು ಬಂತು, ಎಣ್ಣೆ ಬಂತು. ಒಂಟೆ ಹೊರಬೇಕಾದ್ದನ್ನೆಲ್ಲ ಟೊಯೋಟಾ ಹೊತ್ತಿತು. ಜಗಳ ಮಾತ್ರ ನಿಲ್ಲಲಿಲ್ಲ. ಆ ಜಗಳಕ್ಕೇ ಈಗ ಗ್ಯಾಲರಿ ಕಟ್ಟಿದ್ದಾರೆ, ತೀರ್ಪುಗಾರರನ್ನು ಕೂರಿಸಿದ್ದಾರೆ, ತುಟಿಗೆ ಇಂಜೆಕ್ಷನ್ ಚುಚ್ಚಿ ಉಬ್ಬಿಸಿದ್ದಾರಾ ಎಂದು ನೋಡಲು ಪಶುವೈದ್ಯರು ಸ್ಕ್ಯಾನಿಂಗ್ ಮೆಷಿನ್ ಹಿಡಿದು ನಿಂತಿದ್ದಾರೆ.

"ತುಟಿಗೆ ಇಂಜೆಕ್ಷನ್ನಾ?" ಮಾವ ನನ್ನ ಮುಖ ನೋಡಿದರು. "ಮನುಷ್ಯರು ಎಲ್ಲ ಕಡೆ ಒಂದೇ, ಅಲ್ವಾ?"

ಆ ಮುದುಕರ ಒಂದು ಕಪ್ಪು ಹೆಣ್ಣೊಂಟೆ ಅವತ್ತು ಸ್ಪರ್ಧೆಯಲ್ಲಿತ್ತು. ನನ್ನ ಕಣ್ಣಿಗೆ ಉಳಿದವುಗಳಂತೆಯೇ ಕಂಡಿತು. ಮಾವ ಮಾತ್ರ ಅದು ನಡೆದು ಹೋಗುವುದನ್ನು ನೋಡಿ, "ಹಿಂಗಾಲು ಒಳ್ಳೆಯದುಂಟು, ಆದರೆ ತಲೆ ಸಣ್ಣದಾಯಿತು," ಎಂದರು. ತೀರ್ಪುಗಾರರೂ ಹಾಗೇ ಅಂದುಕೊಂಡರೋ ಏನೋ, ಅದಕ್ಕೆ ಯಾವ ಸ್ಥಾನವೂ ಸಿಗಲಿಲ್ಲ. ಮುದುಕರು ಒಂಟೆಯನ್ನು ಡೇರೆಯ ಬಳಿ ತಂದು, ಅದರ ಕಿವಿಯ ಹಿಂದೆ ಅಂಟಿದ್ದ ಮುಳ್ಳೊಂದನ್ನು ತೆಗೆದು ಬಿಸಾಡಿದರು.

ಊಟ ಮುಗಿದ ಮೇಲೆ ಒಬ್ಬರು ಕೊಳ್ಳಲು ಬಂದರು. ಕಸೀಮ್ ಪ್ರಾಂತ್ಯದ ಕಡೆಯವರಂತೆ. ಮಾತು ಬೇಗ ಮುಗಿಯಿತು. ಮುದುಕರಿಗೆ ಇನ್ನು ಮರುಭೂಮಿಯಲ್ಲಿ ಮಲಗಿ ಒಂಟೆ ಕಾಯಲಾಗುವುದಿಲ್ಲ, ಒಂದೊಂದಾಗಿ ಕೊಡುತ್ತಿದ್ದಾರೆ ಎಂದು ಹುಡುಗ ಮೆಲ್ಲಗೆ ಹೇಳಿದ. ಅವನ ಮುಖ ನೋಡಿದರೆ, ಮನೆಯಲ್ಲಿ ತಂದೆಗೆ ಕೊಟ್ಟುಬಿಡಿ ಎಂದು ಹೇಳಿದವನೂ ಅವನೇ ಎಂದು ತಿಳಿಯುವಂತಿತ್ತು.

ನಾನು ಅದನ್ನು ಮಾವನಿಗೆ ಅನುವಾದಿಸಿದೆ. ಇದಕ್ಕಿಂತ ಒಳ್ಳೆಯ ಗಳಿಗೆ ಸಿಗುವುದಿಲ್ಲ ಎಂದು ಹೆಂಡತಿಯ ದನಿ ಕಿವಿಯಲ್ಲಿ ಹೇಳಿತು. ನಾನು ಬಾಯಿ ತೆರೆದೆ. ಮಾವ ನೋಡುತ್ತಿದ್ದುದು ಆ ಮುದುಕರ ಕೈಗಳನ್ನು. ನಾನು ಬಾಯಿ ಮುಚ್ಚಿದೆ.

ಮುದುಕರು ಒಂಟೆಯ ಮುಖಕ್ಕೆ ಕಟ್ಟಿದ್ದ ಹಗ್ಗವನ್ನು ಹಿಡಿದು ನಡೆಸಿಕೊಂಡು ಬಂದರು. ಕೆಂಪು ಕಪ್ಪು ನೂಲಿನಲ್ಲಿ ಹೆಣೆದ ಹಳೆಯ ಹಗ್ಗ. ಹಾಗೇ ಅದರ ತುದಿಯನ್ನು ಕೊಂಡವರ ಕೈಗೆ ಕೊಟ್ಟರು.

ಮಾವ ನನ್ನ ತೋಳು ಹಿಡಿದರು. "ಹಗ್ಗ ಕೊಟ್ಟರು ಪುತಾ."

"ಹೌದು ಮಾಮ. ಮಾರಿದರಲ್ಲ."

"ಮಾರುವುದು ಒಂಟೆಯನ್ನು. ಹಗ್ಗವನ್ನು ಯಾರಾದರೂ ಕೊಡುತ್ತಾರಾ? ಹೇಳು ಅವರಿಗೆ."

ನಮ್ಮ ಕಡೆಯ ಹಳಬರಲ್ಲಿ ಇದೊಂದು ಕ್ರಮ. ಕೋಣವಾಗಲಿ ದನವಾಗಲಿ ಮಾರಿದರೆ, ಮಾರಿದವನು ತನ್ನ ಹಗ್ಗವನ್ನು ಬಿಚ್ಚಿಟ್ಟುಕೊಳ್ಳುತ್ತಾನೆ. ಕೊಂಡವನು ತನ್ನ ಹಗ್ಗ ತಂದು ಕಟ್ಟಿಕೊಂಡು ಹೋಗಬೇಕು. ಹಗ್ಗವೂ ಹೋದರೆ ಹಟ್ಟಿಯ ಭಾಗ್ಯವೂ ಅದರ ಹಿಂದೆಯೇ ಹೋಯಿತು ಎಂದು ಲೆಕ್ಕ. ಇದನ್ನು ಇಂಗ್ಲಿಷಿನಲ್ಲಿ ಹೇಗೆ ಹೇಳುವುದು, ಹೇಳಿದರೆ ಈಗಾಗಲೇ ಕೈ ಕುಲುಕಿ ಮುಗಿದ ವ್ಯಾಪಾರಕ್ಕೆ ಅಡ್ಡ ಬಾಯಿ ಹಾಕಿದಂತಾಗುತ್ತದೆಯೇ, ಅದರಿಂದ ಹುಡುಗನಿಗೆ ಬೇಸರವಾಗಿ ಭಾನುವಾರ ಆಫೀಸಿನಲ್ಲಿ ಅವನು ನನ್ನ ಮುಖ ನೋಡದೆ ಹೋದರೆ? ನಾನು ಹೀಗೆ ಒಂದೊಂದನ್ನೇ ತೂಗುತ್ತಿದ್ದಾಗ ಪಕ್ಕದ ಕಂಬಳಿ ಖಾಲಿಯಾಗಿತ್ತು.

ಮಾವ ಆ ಮಂಡಿಯಲ್ಲಿ ಅಷ್ಟು ಬೇಗ ಹೇಗೆ ಎದ್ದರೋ. ನೇರ ಒಂಟೆಯ ಬಳಿ ಹೋದರು. ಕೊಂಡವರು ಯಾರೋ ಮನೆಯ ಹಿರಿಯರೇ ಇರಬೇಕೆಂದು ಗೌರವದಿಂದ ದಾರಿ ಬಿಟ್ಟರು. ಮಾವ ಒಂಟೆಯ ಗಲ್ಲ ಸವರಿದರು, ಅದು ತಲೆ ತಗ್ಗಿಸಿತು. ಇಡೀ ಜೀವಮಾನ ಗಂಟು ಬಿಚ್ಚಿದ ಬೆರಳುಗಳು, ಎರಡು ಎಳೆತದಲ್ಲಿ ಹಗ್ಗ ಅವರ ಕೈಯಲ್ಲಿತ್ತು.

ಒಂಟೆಗೆ ತಾನು ಮಾರಾಟವಾದದ್ದು ಗೊತ್ತಿರಲಿಲ್ಲ. ಕತ್ತು ಕೊಡವಿ, ಕಸೀಮಿನವರ ಲಾರಿಗೆ ಬೆನ್ನು ಹಾಕಿ, ಡೇರೆಯ ಹಿಂದೆ ಕಟ್ಟಿದ್ದ ತನ್ನವರ ಕಡೆಗೆ ಹೊರಟಿತು. ಓಡಲಿಲ್ಲ, ಸುಮ್ಮನೆ ನಡೆಯಿತು. ಆದರೆ ಒಂಟೆಯ ಒಂದು ಹೆಜ್ಜೆ ನಮ್ಮ ಎಷ್ಟೋ ಹೆಜ್ಜೆ. ನಾಲ್ಕು ಜನ ಅಡ್ಡ ಬಂದರು, ಅದು ಅವರ ತಲೆಯ ಮೇಲಿಂದ ನೋಡಿಕೊಂಡು ಮುಂದೆ ಹೋಯಿತು. ನನ್ನ ಬಾಯಿಂದ ಹೊರಟದ್ದು ನಾನು ಫೋರ್ಕ್‌ಲಿಫ್ಟ್ ಡ್ರೈವರುಗಳಿಗೆ ಕೂಗುವ "ವಗ್ಗಿಫ್, ವಗ್ಗಿಫ್", ನಿಲ್ಲಿಸು ಎಂದು. ಫೋರ್ಕ್‌ಲಿಫ್ಟ್‌ಗಳೂ ಅದಕ್ಕೆ ನಿಲ್ಲುವುದು ಕಡಿಮೆ.

ಆಗ ಮುದುಕರು ಗಂಟಲಿನ ಆಳದಿಂದ ಒಂದು ಸದ್ದು ಹೊರಡಿಸಿದರು. ಮಾತಲ್ಲ, ಹಾಡೂ ಅಲ್ಲ. ಒಂಟೆ ನಿಂತಿತು. ಇನ್ನೊಮ್ಮೆ ಕರೆದರು. ಅದು ತಿರುಗಿ ಬಂದು ಅವರ ಹೆಗಲ ಮೇಲೆ ಗಲ್ಲ ಇಟ್ಟಿತು. ಮುದುಕರು ಅದರ ದವಡೆ ಹಿಡಿದುಕೊಂಡು, ಕೈಯಲ್ಲಿ ಹಗ್ಗ ಹಿಡಿದು ನಿಂತ ಮಾವನನ್ನೇ ನೋಡಿದರು.

"ಏನಂತೆ ಈ ಶೈಬನಿಗೆ?" ಎಂದು ಮಗನನ್ನು ಕೇಳಿದರು. ಶೈಬ ಎಂದರೆ ಮುದುಕ. ಸಿಟ್ಟಿರಲಿಲ್ಲ, ನಿಜವಾಗಿ ತಿಳಿಯಬೇಕಿತ್ತು.

ನಾನು ಹೇಳಿದೆ. ಬೆವರುತ್ತಾ, ತಡವರಿಸುತ್ತಾ, ಹಟ್ಟಿ, ಹಗ್ಗ, ಭಾಗ್ಯ ಎಲ್ಲವನ್ನೂ ಹೇಳಿದೆ. ಹುಡುಗ ತಂದೆಗೆ ಹೇಳಿದ. ಸುತ್ತ ನಿಂತವರಲ್ಲಿ ಒಬ್ಬ ನಕ್ಕ, ಇನ್ನೊಬ್ಬ ಅವನನ್ನು ಸುಮ್ಮನಿರಿಸಿದ. ಮುದುಕರು ಕೊಂಡವರ ಕಡೆ ತಿರುಗಿ ಏನೋ ಅಂದರು. ಆತ ನಗುತ್ತಾ ಲಾರಿಗೆ ಹೋಗಿ ಹೊಸ ನೈಲಾನ್ ಹಗ್ಗ ತಂದ. ಅದನ್ನು ಕಟ್ಟಿ ಒಂಟೆಯನ್ನು ಒಯ್ದರು. ಲಾರಿಯ ಹಲಗೆ ಏರುವಾಗ ಅದು ಒಮ್ಮೆ ಕೂಗಿತು. ಮುದುಕರು ಆ ಕಡೆ ನೋಡಲಿಲ್ಲ. ಮಾವನ ಕೈಯಿಂದ ಹಳೆಯ ಹಗ್ಗ ತೆಗೆದುಕೊಂಡು, ಸುರುಳಿ ಸುತ್ತಿ, ತಮ್ಮ ಹೆಗಲಿಗೆ ಹಾಕಿಕೊಂಡು ಕೂತರು.

"ಇಷ್ಟು ಒಂಟೆ ಕೊಟ್ಟೆ," ಎಂದರು ಸ್ವಲ್ಪ ಹೊತ್ತಿನ ಮೇಲೆ. "ಇದನ್ನು ನಮಗೆ ಯಾರೂ ಹೇಳಿರಲಿಲ್ಲ."

"ಕೊಟ್ಟ ಮೇಲೆ ನೋಡಲು ಹೋಗುತ್ತಾರಾ, ಕೇಳು," ಎಂದರು ಮಾವ ನನ್ನೊಡನೆ.

ಕೇಳಿದೆ. ಹೋಗುತ್ತಾರಂತೆ. ಮೇಳಕ್ಕೆ ಹೇಗೂ ಎಲ್ಲರೂ ಬರುತ್ತಾರೆ, ಒಂಟೆಗಳೂ ಬರುತ್ತವೆ. ಕಳೆದ ಸಲ ಕೊಟ್ಟದ್ದೊಂದು ಈ ಸಲ ಬೇರೆಯವರ ಹೆಸರಲ್ಲಿ ಗೆದ್ದಿದೆ. ಮುದುಕರು ಅದನ್ನು ಹೇಳುವಾಗ ತಾವೇ ಗೆದ್ದವರಂತೆ ಮೀಸೆ ಒರೆಸಿಕೊಂಡರು.

ವಾಪಸು ಬರುವಾಗ ಮರಳು ಕೆಂಪಾಗಿ, ಬೂದಿಯಾಗಿ, ಕೊನೆಗೆ ಕಾಣದಾಯಿತು. ನಾನು ದಾರಿಯುದ್ದಕ್ಕೂ ಒಂದು ವಾಕ್ಯ ಕಟ್ಟಿದೆ, ಕೆಡವಿದೆ. ಡಾಕ್ಟರು ಹೇಳಿದ್ದು ಎಂದು ಆರಂಭಿಸುವುದೋ, ನಿಮ್ಮ ಮಗಳಿಗೆ ನಿದ್ದೆ ಇಲ್ಲ ಎಂದು ಆರಂಭಿಸುವುದೋ. ಮನೆಗೆ ಮುಂಚೆ ಸಿಗುವ ಧಹ್ರಾನಿನ ದೀಪಗಳು ದೂರದಲ್ಲಿ ಹೊಳೆಯತೊಡಗಿದಾಗ ಮಾವ ಫೋನು ತೆಗೆದು ಮಗನಿಗೆ ಹಚ್ಚಿದರು. ಸ್ಪೀಕರಿನಲ್ಲಿತ್ತು; ಅವರಿಗೆ ಅದನ್ನು ಆರಿಸಲು ಬರುವುದಿಲ್ಲ.

"ಕಾರ್ಕಳದವರಿಗೆ ಹೇಳು. ಕೊಡುವ."

ಆ ಕಡೆಯಿಂದ ಭಾವಮೈದುನನ ಉಸಿರು ಕೇಳಿತು. "ಸರಿ ಪಪ್ಪಾ. ನಾಳೆಯೇ ಬಂದು ಕೊಂಡುಹೋಗಲಿಕ್ಕೆ ಹೇಳುತ್ತೇನೆ."

"ನಾಳೆ ಬೇಡ. ನಾನು ಊರಿಗೆ ಬರುತ್ತೇನೆ, ಟಿಕೆಟ್ ಮಾಡಿಸಲು ಇವನಿಗೆ ಹೇಳುತ್ತೇನೆ. ಅಷ್ಟರ ತನಕ ಕಾಯಲಿ. ಹಗ್ಗ ನಾನೇ ಬಿಚ್ಚಬೇಕು. ಬೇರೆ ಯಾರೂ ಮುಟ್ಟುವುದು ಬೇಡ."

"ಆಯಿತು ಪಪ್ಪಾ."

"ಅವುಗಳಿಗೆ ಹುರುಳಿ ಹಾಕಿದ್ದಾರಾ ಇವತ್ತು?"

"ಹಾಕಿದ್ದಾರೆ."

"ಬೇಯಿಸಿ ಹಾಕಿದ್ದಾರಾ?"

"ಬೇಯಿಸಿಯೇ ಹಾಕಿದ್ದಾರೆ ಪಪ್ಪಾ."

ಮಾವ ಫೋನನ್ನು ಮಡಿಲಲ್ಲಿ ಇಟ್ಟುಕೊಂಡರು. ನನ್ನನ್ನು ಕಳಿಸಿದ ಕೆಲಸ ನಾನು ಒಂದು ಮಾತೂ ಆಡದೆ ಮುಗಿದಿತ್ತು. ನಾನು ಸಂತೋಷಪಡಬೇಕಿತ್ತು. ಟಯರು ಗಟ್ಟಿಯಾಗಿತ್ತು, ಶುಗರ್ ಸರಿಯಾಗಿತ್ತು, ಮಂಡಿ ಇದ್ದಲ್ಲೇ ಇತ್ತು, ಯಾವ ಒಂಟೆಯೂ ನಮ್ಮ ಮೇಲೆ ಉಗುಳಿರಲಿಲ್ಲ. ಆದರೆ ಎದುರಿನ ಗಾಜಿನಲ್ಲಿ ದೀಪಗಳೆಲ್ಲ ಒಂದಕ್ಕೊಂದು ಅಂಟಿಕೊಂಡು ಕಾಣುತ್ತಿದ್ದವು. ವೈಪರ್ ಹಾಕಿದೆ. ಗಾಜು ಒಣಗಿಯೇ ಇತ್ತು, ಕರಕರ ಸದ್ದಾಯಿತು.

ದಿನಾ ಹೋಗಿ ಬರುವ ರಸ್ತೆ. ಕಣ್ಣು ಮುಚ್ಚಿಕೊಂಡು ಮನೆ ಸೇರುತ್ತೇನೆ ಎಂದು ಹೇಳಿಕೊಳ್ಳುವ ರಸ್ತೆ.

"ಎಂತ ಪುತಾ," ಎಂದರು ಮಾವ ಸ್ವಲ್ಪ ಹೊತ್ತಿನ ಮೇಲೆ, "ಬೆಳಿಗ್ಗೆ ನಾವು ಇಲ್ಲಿಂದ ಬಂದದ್ದಾ?"

"ಅಲ್ಲ ಮಾಮ. ಎಕ್ಸಿಟ್ ತಪ್ಪಿತು. ಇದು ದಮ್ಮಾಮ್ ಕಡೆ."

"ತೊಂದರೆ ಇಲ್ಲ," ಎಂದು ಅವರು ಸೀಟಿಗೆ ಒರಗಿದರು. "ಮುಂದೆ ಎಲ್ಲಾದರೂ ತಿರುಗಿಸುವ."